ಆಮೆನ್ ಆದ ಮೇಲೆ ಬೀಗ

ದೇವರನ್ನು ನಂಬುವವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಸಿಟ್ಟೇನಿದ್ದರೂ ದೇವರಿಗೆ ಕೆಲಸ ಹೇಳುವವರ ಮೇಲೆ. ನಮ್ಮ ಮನೆಯಲ್ಲಿ ಆತನಿಗೆ ಬೆಳಗಾದರೆ ಪುರುಸೊತ್ತಿಲ್ಲ. ಹಾಲು ಒಡೆಯದಂತೆ ನೋಡಿಕೊಳ್ಳಬೇಕು, ಮಗಳ ಕೆಮ್ಮು ಎದೆಗಿಳಿಯದಂತೆ ತಡೆಯಬೇಕು, ಬಸ್ಸು ಹೊತ್ತಿಗೆ ಸರಿಯಾಗಿ ಬರುವಂತೆ ಮಾಡಬೇಕು. ನಾವು ತಡವಾಗಿ ಹೊರಟ ದಿನ ಅದೇ ಬಸ್ಸನ್ನು ಹತ್ತು ನಿಮಿಷ ಹಿಡಿದು ನಿಲ್ಲಿಸಲೂ ಬೇಕು. ನಮ್ಮ ಶಾಲೆಯ ಜವಾನನಿಗೆ ಇದರಲ್ಲಿ ಕಾಲು ಭಾಗ ಹೇಳಿದ್ದರೂ ಅವನು ವರ್ಗ ಮಾಡಿಸಿಕೊಂಡು ಬೇರೆ ಊರಿಗೆ ಹೋಗಿಬಿಡುತ್ತಿದ್ದ. ನನ್ನ ಹೆಂಡತಿ ಕರುಣಾಳ ದೇವರು ನಾವು ಮದುವೆಯಾದ ಒಂಬತ್ತು ವರ್ಷದಿಂದ ರಜೆಯಿಲ್ಲದೆ ಅದೇ ಹುದ್ದೆಯಲ್ಲಿದ್ದಾನೆ.

ನಾನು ಸಾಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಹುಟ್ಟಿದ್ದು ಕ್ರೈಸ್ತರ ಮನೆಯಲ್ಲಿ, ಕೆಟ್ಟದ್ದು ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ. ಇದು ನನ್ನ ಅತ್ತೆಯವರ ಮಾತು. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಒಂದು ಭಾನುವಾರ, ಉಳಿದವರು ಆರಾಧನೆಗೆ ಹೊರಟ ಹೊತ್ತಿನಲ್ಲಿ, ದೇವರಿಲ್ಲವೆಂದು ನಾನು ಮೂವರು ಗೆಳೆಯರ ಎದುರಿಗೆ ಸಾಧಿಸಿ ತೋರಿಸಿದ್ದೆ. ಮೆಟ್ಟಿಲು ಹತ್ತಿದಂತೆ ಆರು ಹಂತದ ವಾದ ಅದು. ಒಬ್ಬನಿಗೂ ಉತ್ತರ ಹೊಳೆಯಲಿಲ್ಲ. ದುಃಖದ ಸಂಗತಿಯೆಂದರೆ ಆ ವಾದ ಈಗ ನನಗೆ ನೆನಪಿಲ್ಲ. ಮೂರನೆಯ ಮೆಟ್ಟಿಲಿನವರೆಗೆ ಬರುತ್ತದೆ, ಅಲ್ಲಿಂದ ಮೇಲೆ ಬರೀ ಮಂಜು. ಕೊನೆಯ ತೀರ್ಮಾನವೊಂದು ಗಟ್ಟಿಯಾಗಿ ಉಳಿದಿದೆ. ಆವತ್ತು ಸರಿಯಾಗಿಯೇ ವಾದಿಸಿರುತ್ತೇನೆ ಎಂಬ ನಂಬಿಕೆಯ ಮೇಲೆ ಇವತ್ತಿನವರೆಗೆ ನಡೆದುಕೊಂಡು ಬಂದಿದ್ದೇನೆ.

ನನ್ನ ನೆನಪಿನ ಶಕ್ತಿ ಹೀಗಿದೆಯೆಂದು ಸಾಗರದ ಚರ್ಚಿನ ಇಡೀ ಸಭೆಗೆ ಗೊತ್ತು. ಹೇಗೆ ಗೊತ್ತು ಎನ್ನುವುದೇ ನನ್ನ ಸಿಟ್ಟಿಗೆ ಇನ್ನೊಂದು ಕಾರಣ. ಬುಧವಾರ ಬುಧವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾಕೂಟ ನಡೆಯುತ್ತದೆ. ಕಣ್ಣು ಮುಚ್ಚಿಕೊಂಡು ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಭಾರವನ್ನು ದೇವರಿಗೆ ಹೇಳಿಕೊಳ್ಳಬೇಕು. ಕರುಣಾಳ ಭಾರ ನಾನು. ನಾನು ಶಿವಮೊಗ್ಗದ ಬಸ್ಸಿನಲ್ಲಿ ಕೊಡೆ ಮರೆತದ್ದು, ಮಗಳು ಲಿಲ್ಲಿಯನ್ನು ಶಾಲೆಯಿಂದ ಕರೆತರಲು ಹೋಗಿ ವಾಚನಾಲಯದಲ್ಲಿ ಕೂತು ಒಬ್ಬನೇ ಮನೆಗೆ ಬಂದದ್ದು, ಎಲ್ಲವನ್ನೂ ಅವಳು ಹನ್ನೊಂದು ಜನರ ಎದುರಿಗೆ ಕಣ್ಣೀರು ತಂದುಕೊಂಡು ಆತನಿಗೆ ತಿಳಿಸುತ್ತಾಳೆ. ಎಲ್ಲವನ್ನೂ ಬಲ್ಲವನು ಎಂದು ಇವರೇ ಹೇಳುವ ದೇವರಿಗೆ ಒಂದು ಕೊಡೆಯ ವಿಷಯ ಹೊಸದಾಗಿ ತಿಳಿಸುವ ಅಗತ್ಯವೇನಿತ್ತು? ತಿಳಿದದ್ದು ಆ ಹನ್ನೊಂದು ಜನರಿಗೆ. ಮಾರನೆಯ ದಿನ ಪೇಟೆಯಲ್ಲಿ ಸಿಕ್ಕವರೆಲ್ಲ, ಈಗ ಹೇಗಿದೆ ಮೇಷ್ಟ್ರೇ, ನಾವೂ ಪ್ರಾರ್ಥನೆ ಮಾಡ್ತಿದ್ದೀವಿ ಎನ್ನುತ್ತಾರೆ.

ಈಗ ಬೀಗದ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಊರಿಗೆ ಹೊರಡುವಾಗ ಎಲ್ಲರೂ ಬಾಗಿಲ ಹೊರಗೆ ನಿಂತು, ಮನೆಯನ್ನೂ ಪ್ರಯಾಣವನ್ನೂ ದೇವರಿಗೆ ಒಪ್ಪಿಸಿ ಪ್ರಾರ್ಥಿಸುವ ಪದ್ಧತಿ ಇದೆ. ಇದು ಕರುಣಾಳ ತವರಿನಿಂದ ಬಂದದ್ದು. ಅವಳ ತಂದೆ ಬೈಬಲ್ ಹಿಡಿದು ಸಾರುವ ಸುವಾರ್ತಿಕರಾಗಿ ತೀರ್ಥಹಳ್ಳಿಯ ಸುತ್ತಿನ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ತಿರುಗಿದವರು. ದಾರಿಯಲ್ಲಿ ಹುಲಿ, ಹೊಳೆ, ಚಳಿಜ್ವರ ಮೂರೂ ಕಾದಿರುತ್ತಿದ್ದ ಕಾಲ. ಅವರು ಪ್ರಾರ್ಥಿಸಿ ಹೊರಟದ್ದು ನ್ಯಾಯ. ನಾವು ಹೋಗುವುದು ಸರ್ವಿಸ್ ಬಸ್ಸಿನಲ್ಲಿ. ಆದರೂ ಅದೇ ಪ್ರಾರ್ಥನೆ ಮಗಳಿಗೆ ಬಂದಿದೆ; ಹುಲಿಯ ಜಾಗಕ್ಕೆ ಡ್ರೈವರ್ ಬಂದಿದ್ದಾನೆ, ಅಷ್ಟೆ. ಇದರಲ್ಲಿ ಒಂದು ಕಟ್ಟುಪಾಡಿದೆ. ಬಾಗಿಲು ಎಳೆದು, ಚಿಲಕ ಹಾಕಿ, ಬೀಗವನ್ನು ಕೊಂಡಿಗೆ ಸಿಕ್ಕಿಸಿ ಬಾಯಿ ತೆರೆದೇ ಬಿಡಬೇಕು. ಆಮೇಲೆ ಪ್ರಾರ್ಥನೆ. ಆಮೆನ್ ಆದ ಮೇಲೆ ಬೀಗವನ್ನು ಒತ್ತಬೇಕು. ಬೀಗ ಒತ್ತಿ ಪ್ರಾರ್ಥಿಸಿದರೆ ಮೊದಲು ಬೀಗವನ್ನು ನಂಬಿ ಆಮೇಲೆ ದೇವರನ್ನು ನಂಬಿದ ಹಾಗಾಗುತ್ತದೆಂದು ಮಾವನವರು ಹೇಳುತ್ತಿದ್ದರಂತೆ. ಬೀಗ ಮೊದಲು, ಪ್ರಾರ್ಥನೆ ಆಮೇಲೆ ಆಗಲಿ ಎಂದು ನಾನು ಎರಡು ಸಲ ಸೂಚಿಸಿದ್ದೆ. ಎರಡು ಸಲವೂ ಕರುಣಾ, ನಮ್ಮಪ್ಪನ ಮನೆಗೆ ಒಂದು ದಿನವೂ ಕಳ್ಳ ಬರಲಿಲ್ಲ ಎಂದಳು. ಸುವಾರ್ತಿಕರ ಮನೆಯಲ್ಲಿ ಕಳ್ಳನಿಗೆ ಏನು ಸಿಗುತ್ತಿತ್ತು ಎಂದು ನಾನು ಕೇಳಲಿಲ್ಲ. ಬೀಗ ಒತ್ತುವ ಕೆಲಸ ನನ್ನದು.

ಆ ಶನಿವಾರ ನಾವು ತೀರ್ಥಹಳ್ಳಿಗೆ ಹೊರಟಿದ್ದೆವು. ಭಾನುವಾರ ಆರಾಧನೆಯಾದ ಮೇಲೆ ಕರುಣಾಳ ತಂಗಿಯ ನಿಶ್ಚಿತಾರ್ಥ. ನನಗೆ ಹೋಗುವ ಮನಸ್ಸೇ ಇರಲಿಲ್ಲ. ಕಾರಣ, ಮನೆಯಲ್ಲಿ ಮಂಚದ ಕೆಳಗೆ ಶಾಲೆಯ ಮೈಕ್ರೋಸ್ಕೋಪು ಇತ್ತು. ನಮ್ಮ ಶಾಲೆಗೆ ಇರುವುದು ಅದೊಂದೇ. ಮರದ ಪೆಟ್ಟಿಗೆಯಲ್ಲಿಟ್ಟ, ಹಿತ್ತಾಳೆಯ ಕೊಳವೆಯ, ನನ್ನ ವರ್ಷದ ಸಂಬಳವನ್ನೆಲ್ಲ ಸುರಿದರೂ ಬರುತ್ತದೋ ಇಲ್ಲವೋ ಎನ್ನುವಂಥ ವಸ್ತು. ಮುಂದಿನ ವಾರ ಇನ್‌ಸ್ಪೆಕ್ಷನ್ನು. ಅದರ ಕೆಳಗಿನ ಕನ್ನಡಿಯ ತಿರುಪು ಸಡಿಲಾಗಿತ್ತು. ಮನೆಯಲ್ಲಿ ಕೂತು ಬಿಗಿ ಮಾಡೋಣವೆಂದು ಹೆಡ್‌ಮಾಸ್ಟರರಿಗೆ ಹೇಳದೆ, ಪುಸ್ತಕದಲ್ಲಿ ಬರೆಯದೆ, ಚೀಲದಲ್ಲಿ ಹಾಕಿಕೊಂಡು ತಂದಿದ್ದೆ. ಕಳೆದರೆ ನನ್ನನ್ನು ಮರೆಗುಳಿ ಎನ್ನುವವರು ಯಾರೂ ಇಲ್ಲ, ಕಳ್ಳ ಎನ್ನುತ್ತಾರೆ. ಕೆಲಸ ಹೋಗುತ್ತದೆ.

ಆ ಬೆಳಿಗ್ಗೆ ಟ್ರಂಕನ್ನು ಎತ್ತಿದಾಗಲೇ ನನ್ನ ಸಿಟ್ಟು ಶುರುವಾಯಿತು. ಎರಡು ದಿನಕ್ಕೆ ಇಷ್ಟು ಸೀರೆಯೇ, ನಿಶ್ಚಿತಾರ್ಥ ತಂಗಿಯದೋ ನಿನ್ನದೋ ಎಂದೆ. ಕರುಣಾ, "ನೀವು ಹೇಳಿದ್ದನ್ನೇ ಹಾಕಿದೀನಿ" ಎಂದಳು. ನಾನು ಏನು ಹೇಳಿದ್ದೆನೋ, ಶಾಲು ಹಾಕೆಂದು ಹೇಳಿರಬೇಕು ಎಂದುಕೊಂಡು ಟ್ರಂಕನ್ನು ಹೊರಗಿಟ್ಟೆ. ಬಾಗಿಲ ಹೊರಗೆ ನಿಂತೆವು. ಕರುಣಾ ಪ್ರಾರ್ಥನೆ ಶುರುಮಾಡಿದಳು. ಆನಂದಪುರದ ತಿರುವುಗಳು, ರಿಪ್ಪನ್‌ಪೇಟೆಯಲ್ಲಿ ಬದಲಾಯಿಸಬೇಕಾದ ಬಸ್ಸು, ಅದರ ಟೈರು ಎಲ್ಲವನ್ನೂ ಒಪ್ಪಿಸಿ, ಈ ಮನೆಯನ್ನೂ ಇದರಲ್ಲಿರುವ ಸಮಸ್ತವನ್ನೂ ಎನ್ನುವಷ್ಟರಲ್ಲಿ ಬೀದಿಯ ತುದಿಯಲ್ಲಿ ಬಸ್ಸಿನ ಹಾರನ್ ಕೇಳಿತು. ಆಮೆನ್ ಎಂದವರೇ ಓಡಿದೆವು. ನಾನು ಟ್ರಂಕನ್ನು ಹೆಗಲಿಗೇರಿಸಿಕೊಂಡು, ಕರುಣಾ ಲಿಲ್ಲಿಯ ಕೈ ಹಿಡಿದುಕೊಂಡು.

ರಿಪ್ಪನ್‌ಪೇಟೆಯಲ್ಲಿ ಇಳಿದು, ತೀರ್ಥಹಳ್ಳಿಯ ಬಸ್ಸಿಗೆ ಕಾಯುತ್ತ, ಚಹಾ ಕುಡಿಯೋಣವೆಂದು ಚಿಲ್ಲರೆಗೆ ಜೇಬಿಗೆ ಕೈ ಹಾಕಿದಾಗ ಬೀಗದ ಕೈ ಬೆರಳಿಗೆ ತಾಗಿತು. ಬೀಗ ಒತ್ತಿದ್ದೆನೇ? ಬೀಗ ಸಿಕ್ಕಿಸಿದ್ದು ನೆನಪಿದೆ. ಹಾರನ್ ನೆನಪಿದೆ. ಟ್ರಂಕಿನ ಭಾರ ಚೆನ್ನಾಗಿ ನೆನಪಿದೆ. ನಡುವೆ ಬೀಗ ಒತ್ತಿದ ಸದ್ದು ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಒತ್ತಿದ ನೆನಪು ಬೇಕಾದಷ್ಟಿದೆ. ಆದರೆ ಅದು ಆವತ್ತಿನದೋ, ಕ್ರಿಸ್ಮಸ್ಸಿಗೆ ಹೋದಾಗಿನದೋ ಹೇಳಲಾರೆ.

ಕರುಣಾಳನ್ನು ಕೇಳಿದೆ. ಅವಳು ಆರಾಮಾಗಿ, "ನನ್ನ ಕಣ್ಣು ಮುಚ್ಚಿತ್ತಲ್ಲ" ಎಂದಳು. ಲಿಲ್ಲಿಯನ್ನು ಕೇಳಿದರೆ ಅವಳ ಕಣ್ಣೂ ಮುಚ್ಚಿತ್ತು. ಆಮೇಲೆ ಕರುಣಾ ಒಂದು ಮಾತು ಹೇಳಿದಳು.

"ನೀವು ಪ್ರಾರ್ಥನೇಲಿ ಕಣ್ಣು ಬಿಟ್ಕೊಂಡಿರ್ತೀರಿ ಅಂತ ನಂಗೆ ಮದುವೆಯಾದ ವರ್ಷವೇ ಗೊತ್ತಾಯ್ತು. ಅದಕ್ಕೇ ಅಲ್ವಾ ಬೀಗದ ಕೆಲಸ ನಿಮಗೆ ಬಿಟ್ಟಿರೋದು?"

ಒಂಬತ್ತು ವರ್ಷ ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟಿರುವುದನ್ನು ಗುಟ್ಟಾಗಿ ಇಟ್ಟುಕೊಂಡಿದ್ದೇನೆಂದು ತಿಳಿದಿದ್ದೆ. ಇವಳು ಅದನ್ನು ಗುರುತಿಸಿ, ಅದಕ್ಕೊಂದು ಮನೆಗೆಲಸವನ್ನೂ ಹಚ್ಚಿಬಿಟ್ಟಿದ್ದಳು. ನಾನು ತಗ್ಗಿದ ದನಿಯಲ್ಲಿ, ಇವತ್ತು ಮಾತ್ರ ಮುಚ್ಚಿದ್ದೆ ಎಂದೆ. ಯಾಕೆ ಎಂದು ಕೇಳಿದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಲಿಲ್ಲಿಯ ಕಡೆ ತಿರುಗಿದಳು.

ಮನೆಯಲ್ಲಿ ಬೆಲೆಬಾಳುವುದಿದೆ, ನಾನು ವಾಪಸು ಹೋಗಬೇಕು ಎಂದೆ. ಮೈಕ್ರೋಸ್ಕೋಪಿನ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೊಸನಗರದ ಬಸ್ಸಿಗೆ ಕಾಯುತ್ತ ಪಕ್ಕದ ಬೆಂಚಿನಲ್ಲೇ ನಮ್ಮ ಶಾಲೆಯ ಕಮಿಟಿಯ ಸದಸ್ಯರೊಬ್ಬರು ಕೂತಿದ್ದರು. ನಮ್ಮ ಮನೇಲಿ ಬೆಲೆಬಾಳೋದು ಎಂತ ಇದೆ ಎಂದು ಕರುಣಾ ನಿಜವಾಗಿಯೂ ಯೋಚಿಸಿ ಕೇಳಿದಳು. ನಿನಗೆ ತಿಳಿಯುವುದಿಲ್ಲ ಎಂದೆ. ದೇವರ ಕೈಗೆ ಒಪ್ಪಿಸಿ ಬಂದ ಮೇಲೆ ಮತ್ತೆ ಹೋಗಿ ನೋಡಿದರೆ, ಸಾಲ ಕೊಟ್ಟವನು ದಿನಾ ಬಂದು ಬಾಗಿಲು ತಟ್ಟಿದ ಹಾಗೆ ಎಂದಳು. ದೇವರ ಕೈಗೆ ಬೀಗ ಒತ್ತಲು ಬರುತ್ತದೆಯೇ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಕಮಿಟಿಯ ಸದಸ್ಯರು ತಿರುಗಿ ನೋಡಿದರು. ತೀರ್ಥಹಳ್ಳಿಯ ಬಸ್ಸು ಬಂತು. ಟ್ರಂಕನ್ನು ಅದರ ತಲೆಯ ಮೇಲೆ ಕುಂಬಳಕಾಯಿ ಮೂಟೆಗಳ ನಡುವೆ ಹಾಕಿಸಿ, ತಾಯಿ ಮಗಳನ್ನು ಹತ್ತಿಸಿ, ನಾನು ಬಂದ ದಾರಿಗೇ ತಿರುಗಿದೆ.

ಆನಂದಪುರದವರೆಗೆ ಒಂದು ಬಸ್ಸು ಸಿಕ್ಕಿತು. ಅಲ್ಲಿಂದ ಮುಂದೆ ಬಸ್ಸಿಲ್ಲ. ಅಣೆಕಟ್ಟಿನ ಕೆಲಸಕ್ಕೆ ಸಿಮೆಂಟು ಹೊತ್ತುಕೊಂಡು ಹೋಗುತ್ತಿದ್ದ ಲಾರಿಗೆ ಕೈ ಮಾಡಿ, ಮೂಟೆಗಳ ಮೇಲೆ ಕೂತು ಸಾಗರಕ್ಕೆ ಬಂದೆ. ದಾರಿಯುದ್ದಕ್ಕೂ ಸಿಟ್ಟು ಬೆಳೆಯುತ್ತಲೇ ಇತ್ತು. ಕರುಣಾಳ ಮೇಲೆ, ಮಾವನವರ ಮೇಲೆ, ಅವರನ್ನು ತಿನ್ನದೆ ಬಿಟ್ಟ ಹುಲಿಗಳ ಮೇಲೆ. ಯಾವ ಧರ್ಮದಲ್ಲಿ ಬೇಕಾದರೂ ನೋಡಿ, ಕಳ್ಳ ಬರುವ ಹೊತ್ತಿಗೆ ಸರಿಯಾಗಿ ಮನೆಯವರೆಲ್ಲ ಕಣ್ಣು ಮುಚ್ಚಿ ನಿಲ್ಲುವ ಏರ್ಪಾಡು ಬೇರೆಲ್ಲಾದರೂ ಇದೆಯೇ?

ಮನೆಯ ಅಂಗಳದಲ್ಲಿ ಪಕ್ಕದ ಮನೆಯ ಗಂಗಮ್ಮ ಚಾಪೆ ಹಾಸಿ ಹಪ್ಪಳ ಒಣಗಿಸುತ್ತ, ಕಾಗೆಗೆ ಕೋಲು ಹಿಡಿದು ಕೂತಿದ್ದರು. ತಲೆಯಿಂದ ಕಾಲಿನವರೆಗೆ ಸಿಮೆಂಟಾಗಿದ್ದ ನನ್ನನ್ನು ಕಂಡು ಮೊದಲು ಕೋಲನ್ನೇ ಎತ್ತಿದರು. ಆಮೇಲೆ ಗುರುತು ಹತ್ತಿ, "ಎಂತಾಯ್ತು ಮಾಷ್ಟ್ರೇ, ವಾಪಸ್ ಬಂದ್ರಲ್ಲ?" ಎಂದರು. ನಾನು ಬಾಗಿಲಿಗೆ ಓಡಿದೆ. ಬೀಗ ಬಿದ್ದಿತ್ತು. ಜಗ್ಗಿದೆ, ಗಟ್ಟಿಯಾಗಿತ್ತು. ಹಾಗಾದರೆ ನಾನೇ ಒತ್ತಿದ್ದೆ; ನನ್ನ ನೆನಪು ಕೆಟ್ಟಿದೆ, ಕೈ ಕೆಟ್ಟಿಲ್ಲ ಎಂದು ಹಿಗ್ಗುವಷ್ಟರಲ್ಲಿ ಗಂಗಮ್ಮ ಹಿಂದಿನಿಂದ ಹೇಳಿದರು: "ನಾನು ಒತ್ತಿದೆ. ನಿಮ್ಮನೆ ಅಮ್ಮ ನಿನ್ನೆನೇ ಹೇಳಿದ್ರು, ದೇವ್ರಿಗೆ ಒಪ್ಸಿ ಹೋಗ್ತೀವಿ ಗಂಗಮ್ಮ, ನೀವೂ ಒಂದ್ಸಲ ಬೀಗ ನೋಡಿ ಅಂತ." ಮೊದಲೇ ಬಿದ್ದಿತ್ತೇ, ಬಾಯಿ ತೆರೆದಿತ್ತೇ ಎಂದು ಕೇಳಿದೆ. "ಅದೆಲ್ಲ ಯಾರು ನೋಡಿದ್ರು. ಹೋದೆ, ಒತ್ತಿದೆ, ಬಂದೆ."

ನೋಡಿ ಇವಳ ನಂಬಿಕೆಯನ್ನು! ಜವಾಬ್ದಾರಿ ದೇವರಿಗೆ, ಕೆಲಸ ಗಂಗಮ್ಮನಿಗೆ. ನನಗೆ ಮಾತ್ರ ರಿಪ್ಪನ್‌ಪೇಟೆಯ ಬೆಂಚಿನಲ್ಲಿ ಉಪದೇಶ. ಹಲ್ಲು ಕಡಿಯುತ್ತ ಬಾಗಿಲು ತೆರೆದು ಒಳಗೆ ಹೋಗಿ ಮಂಚದ ಕೆಳಗೆ ಬಗ್ಗಿದೆ. ಮೈಕ್ರೋಸ್ಕೋಪು ಇರಲಿಲ್ಲ.

ಅಕ್ಕಿಯ ಡಬ್ಬ, ಹಾಸಿಗೆಯ ಸುರುಳಿ, ಬಚ್ಚಲ ಹಂಡೆಯ ಹಿಂದೆ, ಎಲ್ಲ ಕಡೆ ನೋಡಿದೆ. ಒಮ್ಮೆ ನೋಡಿದಲ್ಲಿ ನೋಡಿದ್ದೇನೋ ಇಲ್ಲವೋ ಎಂಬ ಅನುಮಾನದಿಂದ ಇನ್ನೊಮ್ಮೆ ನೋಡಿದೆ. ಪೊಲೀಸರ ಹತ್ತಿರ ಹೋದರೆ, ಶಾಲೆಯ ವಸ್ತು ನಿಮ್ಮ ಮಂಚದ ಕೆಳಗೆ ಯಾಕಿತ್ತು ಎಂಬುದೇ ಅವರ ಮೊದಲ ಪ್ರಶ್ನೆಯಾಗುತ್ತದೆ. ಆ ಕೋಣೆಯ ನಡುವೆ, ಸಿಮೆಂಟಿನ ಗೊಂಬೆಯಂತೆ ನಿಂತುಕೊಂಡು, ನಾನು ಮೈಸೂರಿಗೆ ಹೋದಂದಿನಿಂದ ಮಾಡದ ಕೆಲಸವೊಂದನ್ನು ಮಾಡಿದೆ. ಗಟ್ಟಿಯಾಗಿ, ಸೂರಿನ ಕಡೆಗೆ ನೋಡಿ, "ಇದರಲ್ಲಿರುವ ಸಮಸ್ತವನ್ನೂ ನಿನಗೇ ಅಲ್ಲವೇ ಒಪ್ಪಿಸಿದ್ದು? ಏನು ಮಾಡಿದೆ ಅದನ್ನು?" ಎಂದು ಕೇಳಿದೆ. ಇದನ್ನು ಪ್ರಾರ್ಥನೆ ಎನ್ನಲು ಬರುವುದಿಲ್ಲ. ಮೇಲಧಿಕಾರಿಗೆ ಕೊಡುವ ದೂರು ಎನ್ನಬಹುದು. ಆದರೆ ದೂರು ಕೊಡಬೇಕಾದರೆ ಅಧಿಕಾರಿ ಇದ್ದಾನೆಂದು ಒಪ್ಪಿಕೊಂಡಂತಾಗುತ್ತದೆ ಎನ್ನುವುದು ಆಗ ಹೊಳೆಯಲಿಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೊರಗೆ ಬಂದು, ಬೆಳಿಗ್ಗೆಯಿಂದ ಇಲ್ಲಿಗೆ ಯಾರು ಬಂದಿದ್ದರು, ನೀವು ಒಳಗೆ ಹೋಗಿದ್ದಿರಾ ಎಂದು ಗಂಗಮ್ಮನನ್ನು ಕೇಳಿದೆ. ಆ ಪ್ರಶ್ನೆ ನನ್ನ ಬಾಯಿಂದ ಹೇಗೆ ಹೊರಟಿತೋ ಗೊತ್ತಿಲ್ಲ. ಎಷ್ಟೋ ವಿಷಯ ಮರೆಯುವ ನನಗೆ ಆಮೇಲಿನ ಅವರ ಮುಖ ಮಾತ್ರ ಮರೆಯುವುದಿಲ್ಲ. ಲಿಲ್ಲಿ ಹುಟ್ಟಿದಾಗ ನಲವತ್ತು ದಿನ ನಮ್ಮ ಮನೆಗೆ ಬಿಸಿನೀರು ಕಾಯಿಸಿ ಕೊಟ್ಟ ಹೆಂಗಸು. ಒಣಗದ ಹಪ್ಪಳಗಳನ್ನೆಲ್ಲ ಒಂದೊಂದಾಗಿ ತೆಗೆದು, ಚಾಪೆ ಸುತ್ತಿ, ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡರು.

"ನಿಮ್ಮ ದೇವ್ರು ನೋಡ್ತಿದ್ನಲ್ಲ ಮಾಷ್ಟ್ರೇ. ಅವ್ನನ್ನೇ ಕೇಳ್ಬೇಕಿತ್ತು, ನನ್ನನ್ನ ಎಂತಕ್ಕೆ ಕೇಳಿದ್ರಿ?"

ನಾನು ಹನ್ನೆರಡರ ಬಸ್ಸು ಹಿಡಿದೆ. ಹೊರಡುವ ಮೊದಲು ಬೀಗ ಒತ್ತಿದೆ, ಮೂರು ಸಲ ಜಗ್ಗಿದೆ. ಕಳೆಯುವುದೆಲ್ಲ ಕಳೆದ ಮೇಲೆ ಬೀಗದ ವಿಷಯದಲ್ಲಿ ನನ್ನ ನೆನಪು ಬಹಳ ಸ್ಪಷ್ಟವಾಗಿತ್ತು. ತೀರ್ಥಹಳ್ಳಿ ತಲುಪಿದಾಗ ನಾಲ್ಕು ಗಂಟೆ. ಕರುಣಾಳಿಗೆ ಎಲ್ಲ ಹೇಳಿ, ಸೋಮವಾರ ಹೆಡ್‌ಮಾಸ್ಟರರ ಮುಂದೆ ನಿಲ್ಲುವುದೆಂದು ತೀರ್ಮಾನಿಸಿಕೊಂಡಿದ್ದೆ. ಅತ್ತೆಯವರ ಮನೆಯ ಜಗಲಿಯಲ್ಲಿ ನಿಶ್ಚಿತಾರ್ಥಕ್ಕೆ ಬಂದ ನೆಂಟರು ಸಾಲಾಗಿ ನಿಂತಿದ್ದರು. ಸಾಲಿನ ತಲೆಯಲ್ಲಿ ಒಂದು ಸ್ಟೂಲು. ಸ್ಟೂಲಿನ ಮೇಲೆ, ಪಡುವಣ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದುಕೊಂಡು, ನಮ್ಮ ಶಾಲೆಯ ಮೈಕ್ರೋಸ್ಕೋಪು. ಪಕ್ಕದಲ್ಲಿ ಮಣೆ ಹಾಕಿಕೊಂಡು ಅತ್ತೆಯವರು. ಅರವತ್ತು ದಾಟಿದ ಅವರು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಗೆ ಒತ್ತಿ, ಸತ್ತ ಇರುವೆಯ ಕಾಲನ್ನು ನೋಡಿ ನೆಂಟರಿಗೆ ವಿವರಿಸುತ್ತಿದ್ದರು. ಇರುವೆಯ ಕಾಲಿಗೇ ಇಷ್ಟು ಕೂದಲು ಎಣಿಸಿ ಇಟ್ಟವನು ನಮ್ಮನ್ನು ಮರೀತಾನಾ ಎನ್ನುವುದು ಅವರ ಭಾಷಣದ ಸಾರ. ನನ್ನನ್ನು ಕಂಡು, "ಬಂದ್ರಾ ಅಳಿಯಂದಿರೇ? ಒಳ್ಳೇ ವಸ್ತು ಕಳಿಸಿಕೊಟ್ರಿ. ಇದರಲ್ಲಿ ನೋಡಿಯೂ ನಿಮಗೆ ದೇವರು ಕಾಣಲ್ಲ ಅಂದ್ರೆ ಕನ್ನಡಕ ಬದಲಾಯಿಸಬೇಕು" ಎಂದರು.

ನಾನು ಕರುಣಾಳನ್ನು ಬಚ್ಚಲ ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ನನ್ನ ಜೀವಮಾನದ ಸಿಟ್ಟನ್ನೆಲ್ಲ ಒಟ್ಟು ಮಾಡಿಕೊಂಡು ಕೇಳಿದೆ. ಅವಳಿಗೆ ನನ್ನ ಸಿಟ್ಟು ಅರ್ಥವೇ ಆಗಲಿಲ್ಲ.

"ನೀವೇ ಅಲ್ವಾ ಗುರುವಾರ ಊಟ ಮಾಡ್ತಾ ಹೇಳಿದ್ದು? ಅದನ್ನ ಮನೇಲಿ ಬಿಟ್ಟು ಹೋಗೋದು ಬೇಡ, ಟ್ರಂಕಿಗೆ ಹಾಕು, ಸೀರೇಲಿ ಸುತ್ತಿ ಹಾಕು ಅಂತ. ಸುತ್ತಿ ಹಾಕಿದೆ."

ನನಗೆ ಅದು ನೆನಪಿಲ್ಲ. ಗುರುವಾರದ ಊಟ ನೆನಪಿದೆ, ಹುರುಳಿ ಸಾರು. ಮಾತು ನೆನಪಿಲ್ಲ. ರಿಪ್ಪನ್‌ಪೇಟೆಯಲ್ಲಿ ಯಾಕೆ ಹೇಳಲಿಲ್ಲ ಎಂದರೆ, ನೀವು ಬೀಗದ ವಿಷಯ ಕೇಳಿದಿರಿ, ಇದರ ವಿಷಯ ಎಲ್ಲಿ ಕೇಳಿದಿರಿ ಎಂದಳು. ಅಷ್ಟು ದೂರ ಬಸ್ಸಿನ ತಲೆಯ ಮೇಲೆ, ಕುಂಬಳಕಾಯಿಗಳ ನಡುವೆ ಅದನ್ನು ತಂದೆಯಲ್ಲ, ಒಂದು ಮೂಟೆ ಉರುಳಿದ್ದರೆ ಎಂದೆ. ಪ್ರಾರ್ಥನೆ ಮಾಡಿದ್ದೆನಲ್ಲ ಎಂದಳು. ನಾನು ಹೇಳಿದೆನೆನ್ನುವುದಕ್ಕೆ ಅವಳ ಮಾತಲ್ಲದೆ ಬೇರೆ ಆಧಾರವಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ನನ್ನ ನೆನಪು ನಿಜ ಹೇಳುವುದಲ್ಲ. ಕೇಳಿಸಿಕೊಂಡವನು ಇನ್ನೊಬ್ಬನಿದ್ದಾನೆ ಎಂದು ಅವಳು ಮೇಲೆ ಬೆರಳು ತೋರಿಸಿದಳು. ಬೆಳಿಗ್ಗೆ ತಾನೇ ಅವನ ಮೇಲೆ ಸುಳ್ಳು ದೂರು ಕೊಟ್ಟು ಬಂದಿದ್ದೆ. ಸಾಕ್ಷಿ ಹೇಳಲು ಕರೆಯುವ ಮುಖ ನನಗಿರಲಿಲ್ಲ.

ಗಂಗಮ್ಮನ ವಿಷಯ ಹೇಳಿದಾಗ ಮಾತ್ರ ಕರುಣಾಳ ಮುಖ ಸಣ್ಣದಾಯಿತು. ಇದನ್ನು ದೇವರಿಗೆ ಒಪ್ಪಿಸೋಕೆ ಆಗಲ್ಲ, ನೀವೇ ಹೋಗಿ ಕ್ಷಮೆ ಕೇಳಬೇಕು ಎಂದಳು. ಭಾನುವಾರ ಸಂಜೆ ಸಾಗರಕ್ಕೆ ಬಂದವನೇ ಹೋಗಿ ತಪ್ಪಾಯಿತು ಎಂದೆ. ಗಂಗಮ್ಮ ಒಳಗಿನಿಂದಲೇ, ಹಪ್ಪಳ ಕರಿಯುತ್ತಿದ್ದೇನೆ, ಮಾತಾಡಲು ಪುರುಸೊತ್ತಿಲ್ಲ ಎಂದರು. ಹದಿನೈದು ದಿನ ಪುರುಸೊತ್ತಾಗಲಿಲ್ಲ. ಹದಿನಾರನೆಯ ದಿನ ನಮ್ಮ ಅಂಗಳದಲ್ಲಿ ಮತ್ತೆ ಚಾಪೆ ಬಿತ್ತು. ಕರುಣಾ ಅದನ್ನು ಬುಧವಾರದ ಕೂಟದಲ್ಲಿ ಸ್ತೋತ್ರ ಸಲ್ಲಿಸಿ ಹೇಳಿದಳು, ನಡೆದ ಕಥೆಯನ್ನೆಲ್ಲ ಮೊದಲಿನಿಂದ ಬಿಡಿಸಿ. ಮಾರನೆಯ ದಿನ ಪೇಟೆಯಲ್ಲಿ ನಾನು ತಲೆ ಎತ್ತಲಿಲ್ಲ.

ತೀರ್ಥಹಳ್ಳಿಯಿಂದ ಹಿಂತಿರುಗುವಾಗ, ಮೈಕ್ರೋಸ್ಕೋಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ ನನಗೆ ಕರುಣಾ ಇನ್ನೊಂದು ಮಾತು ಹೇಳಿದ್ದಳು. "ಬಿಸಿಲು ಕಣ್ಣಿಗೆ ಹೊಡೀತಿತ್ತು ಅಂದ್ರಲ್ಲ. ಬೆಳಿಗ್ಗೆ ಏಳು ಗಂಟೆಗೆ. ನಮ್ಮ ಮನೆ ಬಾಗಿಲು ಪಡುವಣಕ್ಕಲ್ವಾ?"

ನಾನು ಕಿಟಕಿಯ ಹೊರಗೆ ನೋಡಿದೆ. ಆ ಬೆಳಿಗ್ಗೆ ಕಣ್ಣು ಯಾಕೆ ಮುಚ್ಚಿದ್ದೆ, ಮುಚ್ಚಿಕೊಂಡು ಮಂಚದ ಕೆಳಗಿನ ವಸ್ತುವಿನ ಬಗ್ಗೆ ಏನಾದರೂ ಅಂದುಕೊಂಡೆನೋ ಎನ್ನುವುದು ನನಗೆ ನೆನಪಿಲ್ಲ. ನೆನಪಿಲ್ಲ ಎಂದು ಹೇಳಲು ನನಗೆ ಇಷ್ಟು ಸಂತೋಷವಾದದ್ದು ಅದೊಂದೇ ಸಲ.

ಬೀಗದ ಕಟ್ಟುಪಾಡು ಈಗಲೂ ಬದಲಾಗಿಲ್ಲ. ನಾನೇ ಬದಲಾಗಿದ್ದೇನೆ. ಕರುಣಾ ಪ್ರಾರ್ಥಿಸುವಾಗ ಕಣ್ಣನ್ನು ಎಂದಿಗಿಂತ ಅಗಲವಾಗಿ ತೆರೆದು, ಬೀಗದ ಮೇಲೆ ಕೈಯಿಟ್ಟು ನಿಲ್ಲುತ್ತೇನೆ. ಆಮೆನ್ ಎನ್ನುವುದು ಮುಗಿಯುವ ಮೊದಲೇ ಒತ್ತಿರುತ್ತೇನೆ. ಬಸ್ಸು ಹತ್ತಿ, ಊರು ದಾಟಿ, ಆನಂದಪುರ ಬರುವ ಹೊತ್ತಿಗೆ, ಒತ್ತಿದೆನೋ ಇಲ್ಲವೋ ಎಂಬ ಅನುಮಾನ ಬಂದೇ ಬರುತ್ತದೆ. ಆಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ನಿದ್ದೆ ಬಂತಾ ಎಂದು ಕರುಣಾ ಕೇಳುತ್ತಾಳೆ. ಹೂಂ ಎನ್ನುತ್ತೇನೆ.